ಬಕೆಟ್ಟಿಗೆ ಹೊಲಿದ ಕಿಸೆಗಳು

ನಮ್ಮ ಮನೆಯವರು ನಳದ ಮಿಸ್ತ್ರಿ. ಧಾರವಾಡದಲ್ಲಿ ನಮ್ಮ ಕಡೆ ನಳಕ್ಕೆ ನೀರು ದಿನಾ ಬರುವುದಿಲ್ಲ. ವಾರಕ್ಕೊಮ್ಮೆ ಬಂತು ಅಂದರೆ ಬಂತು. ಹೀಗಾಗಿ ನಳ ಸೋರುವುದು ಗೊತ್ತಾಗುವುದೇ ನೀರು ಬಂದ ದಿನ, ರಿಪೇರಿ ಆಗಬೇಕಾದದ್ದೂ ಅದೇ ದಿನ, ನೀರು ಹೋಗುವುದರೊಳಗೆ. ಇವರು ಮೂವತ್ತು ವರ್ಷ ಒಂದು ಗೋಣಿಚೀಲ ಹೆಗಲಿಗೆ ಹಾಕಿಕೊಂಡು ತಿರುಗಿದರು. ಮಂದಿ ಮನೆಯಲ್ಲಿ ಚೀಲ ಬೋರಲು ಹಾಕಿ, ಸಂತೆ ಹಚ್ಚಿ, ನಳ ತಿರುವುವ ಒಂದು ಪಾನಾ ಹುಡುಕುವುದು. ಕೆಲಸ ಮುಗಿದ ಮೇಲೆ ಎಲ್ಲ ಬಳಿದು ತುಂಬುವುದು. ಹಾಗೆ ಬಳಿಯುವಾಗ ಅವರ ಮನೆಯ ಚಮಚವೂ ಬಂದದ್ದಿದೆ. ಒಮ್ಮೆ ಲಟ್ಟಣಿಗೆ ಬಂದಿತ್ತು. ನಾನೇ ಹೋಗಿ ಕೊಟ್ಟು ಬಂದೆ.

ಒಂದು ಸಂಜೆ ಕಾಯಿಪಲ್ಯ ತೆಗೆದುಕೊಂಡು ಮನೆಗೆ ಬಂದೆ. ಇವರು ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಯಾರ್ ಬೇಕಾಗಿತ್ರಿ ನಿಮಗ?"

ಮದುವೆಯಾಗಿ ನಲವತ್ತು ವರ್ಷ. ನನಗೆ ಅವರು ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು.

"ನಿಮ್ಮ ಹೆಂಡ್ತಿ ಬೇಕಾಗಿದ್ಲರಿ. ಅದಾಳೇನ್ರಿ ಮನ್ಯಾಗ?" ಅಂದೆ.

ದನಿ ಕೇಳಿದ ಮೇಲೆ ಗುರುತು ಹತ್ತಿತು. "ಬಿಸಿಲು ಕಣ್ಣಾಗ ಹೊಡದಿತ್ತು ಬಿಡ," ಅಂದರು. ಬಿಸಿಲು ಮುಳುಗಿ ಹೊತ್ತಾಗಿತ್ತು.

ದವಾಖಾನೆಗೆ ಎಳೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಯಬೇಕು ಎಂದರು ಡಾಕ್ಟರು. ಇವರು ಹೂಂ ಅಂದು ಹೊರಗೆ ಬಂದರು. ಯುಗಾದಿ ಆಗಲಿ ಅಂದರು. ಆಮೇಲೆ ಕಾರ ಹುಣ್ಣಿಮೆ ಆಗಲಿ ಅಂದರು. ಕಣ್ಣಿಗೆ ಕತ್ತಿ ಹಚ್ಚುತ್ತಾರೆ ಎಂಬ ಭಯ ಒಂದು. ಅದಕ್ಕಿಂತ ದೊಡ್ಡದು, ಮಿಸ್ತ್ರಿಗೆ ಕಣ್ಣು ಕಾಣುವುದಿಲ್ಲ ಎಂದು ಓಣಿಯಲ್ಲಿ ಸುದ್ದಿಯಾದರೆ ಯಾರೂ ಕರೆಯುವುದಿಲ್ಲ ಎಂಬುದು. ಕೆಲಸ ಬಿಟ್ಟು ಕೂಡ್ರುವ ಜಾತಿಯಲ್ಲ ಅವರು. ಕೂತರೆ ನನ್ನ ತಲೆ ತಿನ್ನುತ್ತಾರೆ.

ಬಕೆಟ್ಟು ತಂದದ್ದು ಆಗಲೇ. ಎಲ್ಲಿಯೋ ಬಣ್ಣ ಹಚ್ಚುತ್ತಿದ್ದ ಮನೆಯಿಂದ ಖಾಲಿ ಬಣ್ಣದ ಬಕೆಟ್ಟು ಹಿಡಿದುಕೊಂಡು ಬಂದು, "ಇದಕ್ಕ ಸುತ್ತ ಕಿಸಿ ಹೊಲಿ. ಕೈ ಹಾಕಿದ್ರ ಬೇಕಾದ್ದು ಸಿಗಬೇಕು, ನೋಡೂ ಕೆಲಸ ಇರಬಾರದು," ಅಂದರು.

ನಾನು ಖಾದಿ ನೇಯುವ ಗರಗದವಳು, ನೂಲಿನ ಮನೆಯಲ್ಲಿ ಹುಟ್ಟಿದವಳು. ಅರಿವೆ ಯಾವುದು ತಾಳುತ್ತದೆ, ಯಾವುದು ಹರಿಯುತ್ತದೆ ಎಂದು ಮುಟ್ಟಿದರೆ ಹೇಳುತ್ತೇನೆ. ಖಾದಿ ಇದಕ್ಕೆ ನಡೆಯುವುದಿಲ್ಲ. ಲಾರಿಯವರ ಹಳೆಯ ತಾಡಪತ್ರಿ ತಂದು, ದಬ್ಬಣ ಹಿಡಿದು ನಾಲ್ಕು ದಿನ ಕೂತೆ. ಒಂದೊಂದು ಸಾಮಾನನ್ನೂ ಅರಿವೆಯ ಮೇಲೆ ಮಲಗಿಸಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಹೊಲಿದೆ. ಗೋಡೆ ಒಡೆಯುವ ಚಾಣದ ಕಿಸೆಯ ತಳ ಎರಡು ಸಲ ಹರಿಯಿತು. ಮೂರನೆಯ ಸಲ ಹಳೆಯ ಚಪ್ಪಲಿಯ ತೊಗಲು ಹಚ್ಚಿದೆ. ಬಲಗಡೆ ಹಿಡಿಯುವ ಸಾಮಾನು, ಪಾನಾ, ಇಕ್ಕಳ. ಎಡಗಡೆ ಕೊಯ್ಯುವಂಥವು. ದೊಡ್ಡ ಪಾನಾದ ಎದುರಿಗೆ ಸುತ್ತಿಗೆ ಇರಲೇಬೇಕು, ಇಲ್ಲದಿದ್ದರೆ ಬಕೆಟ್ಟು ಒಂದು ಕಡೆ ವಾಲುತ್ತದೆ. ಹಿಡಿಕೆಯ ಬುಡದಲ್ಲಿ ಎಲ್ಲಕ್ಕಿಂತ ಸಣ್ಣ ಕಿಸೆ, ನಳಕ್ಕೆ ಸುತ್ತುವ ಬಿಳಿ ಟೇಪಿಗೆ. ಬಕೆಟ್ಟಿನ ಹೊಟ್ಟೆಯೊಳಗೆ ವಾಶರಿನ ಡಬ್ಬಿ.

ಇವರು ಗೋಡೆಯ ಕಡೆ ಮುಖ ಮಾಡಿ ಕೂತು ಕೈಯನ್ನಷ್ಟೇ ಹಿಂದೆ ಚಾಚಿ ತೆಗೆಯುವುದನ್ನು ರೂಢಿ ಮಾಡಿಕೊಂಡರು. ಎಂಟು ದಿನದಲ್ಲಿ ಕೈಗೆ ಕಣ್ಣು ಬಂದಂತಾಯಿತು. ಮಂದಿ, ಮಿಸ್ತ್ರಿ ಈಗ ಭಾಳ ಶಿಸ್ತಾಗಿದ್ದಾರೆ ಎಂದರು. ನಾನೂ ಹಿಗ್ಗಿದೆ. ಕಾರ ಹುಣ್ಣಿಮೆ ಹೋಯಿತು, ಪಂಚಮಿ ಹೋಯಿತು. ದವಾಖಾನೆಯ ಮಾತನ್ನು ನಾನೂ ಎತ್ತಲಿಲ್ಲ.

ನವರಾತ್ರಿಯ ಖಂಡೆ ಪೂಜೆ ಬಂತು. ಆ ದಿನ ದುಡಿಯುವ ಸಾಮಾನು ತೊಳೆದು, ವಿಭೂತಿ ಹಚ್ಚಿ, ಹೂ ಇಟ್ಟು ಪೂಜೆ ಮಾಡುತ್ತೇವೆ. ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಇವರು ಜಳಕಕ್ಕೆ ಹೋದಾಗ ನಾನು ಎಲ್ಲ ಹೊರಗೆ ತೆಗೆದು, ಕಿಸೆಗಳನ್ನು ಸೋಡಾ ಹಾಕಿ ತಿಕ್ಕಿ ಒಣಗಿಸಿದೆ. ತಿರುಗಿ ಇಡುವಾಗ ಅಡುಗೆಮನೆಯ ಹಲಗೆಯ ಮೇಲೆ ಡಬ್ಬಿ ಇಟ್ಟಂತೆ ಇಟ್ಟೆ, ಎತ್ತರದ್ದು ಹಿಂದೆ, ಗಿಡ್ಡನೆಯದು ಮುಂದೆ. ದೇವರ ಮುಂದೆ ಚಂದ ಕಾಣಬೇಕಲ್ಲ. ಕಬ್ಬಿಣ ಕೊಯ್ಯುವ ತುಂಡು ಬ್ಲೇಡು ತೆಳ್ಳಗಿದೆ ಎಂದು ಅದನ್ನು ಟೇಪಿನ ಸಣ್ಣ ಕಿಸೆಗೆ ಸೇರಿಸಿದೆ. ಬನ್ನಿ ಮುಗಿಯುವ ತನಕ ಇವರು ಮುಟ್ಟಲಿಲ್ಲ. ಜಾಗ ಬದಲಿಸಿದ್ದನ್ನು ಹೇಳಬೇಕೆಂಬ ನೆನಪು ನನಗೆ ಹಾರಿಹೋಯಿತು.

ಬನ್ನಿಯ ಮರುದಿನ ಮಾಳಮಡ್ಡಿ ಓಣಿಗೆ ನೀರು ಬಂತು. ಅಲ್ಲಿಯ ಒಬ್ಬ ಅಕ್ಕೋರು, ಸಾಲಿಯಿಂದ ರಿಟೈರ್ ಆದವರು, ನಸುಕಿನಲ್ಲೇ ಫೋನ್ ಮಾಡಿದರು. ಅಡುಗೆಮನೆಯ ನಳ ಕಿತ್ತುಕೊಂಡು ನೀರು ಪಡಸಾಲೆಗೆ ಹರಿಯುತ್ತಿದೆಯಂತೆ. ಇವರು ಬಕೆಟ್ಟು ಎತ್ತಿಕೊಂಡು ಓಡಿದರು. ಒಂದು ತಾಸಾದ ಮೇಲೆ ಅಕ್ಕೋರ ಫೋನು, ಈ ಸಲ ನನಗೆ.

ನಡೆದದ್ದು ಇಷ್ಟು. ಇವರು ಒಂದು ಕೈಯಲ್ಲಿ ನೀರು ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಟೇಪಿನ ಕಿಸೆಗೆ ಜೋರಾಗಿ ತುರುಕಿದ್ದಾರೆ. ಬ್ಲೇಡು ಎರಡು ಬೆರಳು ಕೊಯ್ದಿದೆ.

"ಮಿಸ್ತ್ರಿ, ರಕ್ತ ಬರ್ಲಿಕ್ಕತ್ತದ! ಬ್ಲೇಡು ಕಾಣಲಿಲ್ಲೇನು?" ಎಂದು ಅಕ್ಕೋರು ಕೇಳಿದ್ದಾರೆ.

"ಕಂಡಿತ್ರಿ, ಕೈ ಜಾರಿತು."

"ಇವು ಎಷ್ಟು ಬೆರಳು, ಹೇಳ್ರಿ ನೋಡೋಣ."

"ಮೂರ್ರಿ."

ಅಕ್ಕೋರು ಎತ್ತಿ ಹಿಡಿದದ್ದು ಬೆರಳಲ್ಲ, ಸಾರು ಬಡಿಸುವ ಸವಟು.

ಇದೆಲ್ಲ ಹೇಳಿ ನನ್ನನ್ನು ಕೇಳಿದರು. "ಅವರಿಗೆ ಕಣ್ಣು ಕಾಣಸೂದಿಲ್ಲ. ನಿಮಗ ಗೊತ್ತದ ಏನು?"

"ಗೊತ್ತೈತ್ರಿ."

"ಗೊತ್ತಿದ್ದೂ ಕಳಸೀರಿ?"

ಅಕ್ಕೋರು ಬೇರೆ ಮಿಸ್ತ್ರಿಯನ್ನು ಕರೆಸಿದರು. ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಮುಂದಿನ ನೀರಿನ ದಿನ ನಮ್ಮ ಮನೆಗೆ ಫೋನು ಎರಡೇ ಸಲ ಬಂತು. ಅದರ ಮುಂದಿನ ಸಲ ಬರಲೇ ಇಲ್ಲ. ಇವರು ಕೈಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತರು. ಊಟಕ್ಕೆ ಕರೆದರೆ ಮಾತ್ರ ಎದ್ದರು.

"ಬರೋಬ್ಬರಿ ಇದ್ದದ್ದನ್ನ ಅದಲು ಬದಲು ಮಾಡಿ ನನ್ನ ಅನ್ನ ಕಳದಿ," ಅಂದರು ಒಂದು ದಿನ.

ನಾನು ಒಳಗೆ ಹೋಗಿ ಕತ್ತರಿ ತಂದೆ.

"ಹೌದು, ತಪ್ಪು ನಂದು. ಬ್ಲೇಡು ಇಟ್ಟದ್ದಲ್ಲ, ಈ ಕಿಸಿ ಹೊಲದು ಕೊಟ್ಟದ್ದು. ಗೋಣಿಚೀಲ ಇದ್ದಿದ್ರ ನಿಮ್ಮ ಕಳ್ಳಾಟ ಅವತ್ತ ಹೊರಗ ಬೀಳ್ತಿತ್ತು, ಕಣ್ಣಿನ ಪೊರೀನೂ ಅವತ್ತ ತಗಸ್ತಿದ್ರಿ. ನಾಳೆ ದವಾಖಾನಿಗೆ ಬರ್ತೀರೋ, ಇಲ್ಲ ಎಲ್ಲಾ ಬಿಚ್ಚಿ ಒಲಿಗೆ ಹಾಕ್ಲ್ಯೋ?"

ಒಂದು ಕಿಸೆಯ ದಾರ ಚಕ್ಕನೆ ಕತ್ತರಿಸಿಯೇಬಿಟ್ಟೆ. ಇವರು ಎರಡೂ ಕೈಯಿಂದ ಬಕೆಟ್ಟನ್ನು ತಬ್ಬಿಕೊಂಡರು.

"ಬಿಚ್ಚಬ್ಯಾಡ. ಬರ್ತೇನಿ."

ಮೊದಲು ಒಂದು ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿಕೊಂಡು ಮನೆಗೆ ಬಂದವರು ಬಕೆಟ್ಟನ್ನು ಬಾಗಿಲ ಬೆಳಕಿಗೆ ತರಿಸಿ ನೋಡಿದರು.

"ಇದೇನ ಹೊಲಿಗಿ? ಹಾವು ಹೋದಂಗ ಹೋಗೈತಿ." ಆಮೇಲೆ ನನ್ನ ಕಡೆ ತಿರುಗಿದರು. "ನೀ ಯಾವಾಗ ಇಷ್ಟು ಮುದುಕಿ ಆದಿ?"

"ನಿಮಗೊಂದು ಕನ್ನಡಿ ಕೊಡ್ಲೇನು?" ಅಂದೆ. ಬೇಡ ಅಂದರು.

ಸಾಮಾನನ್ನೆಲ್ಲ ಮೊದಲಿನ ಜಾಗಕ್ಕೆ ಅವರೇ ಇಟ್ಟರು. ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಅಕ್ಕೋರ ಫೋನು ಬಂದದ್ದು ಆ ಪಥ್ಯದ ನಡುವೆಯೇ. ಬೇರೆ ಮಿಸ್ತ್ರಿ ಕೂಡಿಸಿದ ನಳ ತಿರುಗಿ ಸೋರುತ್ತಿತ್ತು.

"ಮಿಸ್ತ್ರಿ ಕಣ್ಣು ಹೆಂಗವ?"

"ಒಂದು ಬಂದೈತ್ರಿ."

"ಒಂದು ಸಾಕು. ನೀರು ಬಂದದ, ಲಗೂ ಕಳಸ್ರಿ."

ಬಕೆಟ್ಟು ನಾನು ಹೊತ್ತೆ. ಹೊಲಿದವಳಾದರೂ ಅದನ್ನು ಹೊತ್ತುಕೊಂಡು ರಸ್ತೆಗೆ ಇಳಿದದ್ದು ಅದೇ ಮೊದಲು. ಪಾನಾ ಮೊಣಕಾಲಿಗೆ ಬಡಿಯಿತು. ಇವರು ಕಪ್ಪು ಕನ್ನಡಕ ಹಾಕಿಕೊಂಡು, ಕೈ ಬೀಸಿಕೊಂಡು, ಸಾಹೇಬರಂತೆ ಮುಂದೆ ನಡೆದರು. ಅಕ್ಕೋರ ಮನೆಯಲ್ಲಿ ನಾನು ಅಡುಗೆ ಕಟ್ಟೆಯ ಕೆಳಗೆ ತೂರಿ ಕೂತೆ, ಇವರು ನೆಟ್ಟಗೆ ನಿಂತು ಅಪ್ಪಣೆ ಕೊಟ್ಟರು.

"ಸಣ್ಣ ಪಾನಾ ತಗಿ. ಎಡಕ್ಕ ತಿರುವು. ಎಡಕ್ಕ ಅಂದ್ರ ನಿನ್ನ ಎಡಕ್ಕ! ಟೇಪು ಸುತ್ತು, ಬಿಗಿ ಇರಲಿ."

ನೀರು ಮುಖಕ್ಕೆ ಹಾರಿತು, ಸೀರೆ ತೊಯ್ದಿತು. ಕೊನೆಗೆ ನಿಂತಿತು. ಇವರು ಬಗ್ಗದೆ, ಕುತ್ತಿಗೆ ಮಾತ್ರ ಚಾಚಿ ಒಂದು ಕಣ್ಣಿನಿಂದ ನೋಡಿ, ಬರೋಬ್ಬರಿ ಅಂದರು.

ಅಕ್ಕೋರು ಚಹಾ ತಂದು ಮೊದಲು ಮಿಸ್ತ್ರಿಗೆ ಹಿಡಿದರು.

"ಇತ್ತ ಕೊಡ್ರಿ ಅಕ್ಕೋರ, ತೊಯ್ದಾಕಿ ನಾನು," ಅಂದೆ.

ಚಹಾದ ಕಪ್ಪು ಕೆಳಗಿಡುವುದರೊಳಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಅವರ ಹಿತ್ತಲಿನ ನಳವೂ ನಿಲ್ಲುತ್ತಿಲ್ಲವಂತೆ, ಮಿಸ್ತ್ರಿ ಬಂದಿದ್ದಾರೆಂದು ಕೇಳಿದರಂತೆ. ನೀರು ಇನ್ನೂ ಅರ್ಧ ತಾಸು ಇತ್ತು. ಇವರು ನನ್ನ ಮುಖ ನೋಡಿದರು. ಸೆರಗು ಹಿಂಡಿ ಬಕೆಟ್ಟು ಎತ್ತಿಕೊಂಡೆ.