ಮಗಳ ಮೋಡ, ಅಳಿಯನ ಮೋಡ

ಮೋಡ ಅಂದರೆ ಮಳೆ ತರುವಂಥದ್ದು ಅಂತ ಇಷ್ಟು ವರ್ಷ ನಂಬಿಕೊಂಡು ಬಂದವಳು ನಾನು. ಈಗ ಅದರಲ್ಲಿ ಕಂಪನಿಗಳ ಲೆಕ್ಕಪತ್ರ, ಗೋದಾಮಿನ ಸಾಮಾನು, ಕೆಲಸಗಾರರ ಪಗಾರ ಎಲ್ಲ ಇರುತ್ತದಂತೆ. ಇರಲಿ ಬಿಡಿ. ಆದರೆ ಆ ಮೋಡದಲ್ಲೂ ಅಸಲಿ, ನಕಲಿ ಅಂತ ಎರಡು ಜಾತಿ ಇವೆಯೆಂದು ಗೊತ್ತಾದ ಮೇಲೆ ನನ್ನ ತಲೆ ಕೆಟ್ಟುಹೋಗಿದೆ.

ಇದಕ್ಕೆ ಕಾರಣ ನನ್ನ ಮಗಳು ಶ್ರುತಿ ಮತ್ತು ಅಳಿಯ ಮಹೇಶ. ಹೈದರಾಬಾದಿನ ಉಪ್ಪಲ್‌ನಲ್ಲಿರುವ ನಮ್ಮ ಮನೆಯ ಮಹಡಿಯಲ್ಲೇ ಇದ್ದಾರೆ. ಊಟ ಮಾತ್ರ ಕೆಳಗೆ, ನನ್ನ ಜೊತೆ. ಇಬ್ಬರೂ ಕಾರ್ಖಾನೆ, ಅಂಗಡಿಗಳವರಿಗೆ ಕ್ಲೌಡ್ ಸಾಫ್ಟ್‌ವೇರ್ ಮಾರುತ್ತಾರೆ, ಆದರೆ ಹಾವು ಮುಂಗುಸಿಯಂಥ ಎರಡು ಕಂಪನಿಗಳಿಗಾಗಿ. ಹೋದ ಬೇಸಿಗೆಯಲ್ಲಿ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯವರು ತಮಗೊಂದು ಸಾಫ್ಟ್‌ವೇರ್ ಬೇಕೆಂದು ಇಬ್ಬರನ್ನೂ ಕರೆಸಿದರು. ಅಂದಿನಿಂದ ಊಟದ ಹೊತ್ತಿನಲ್ಲಿ ಬರೀ ಮೌನ. ಫೋನ್ ಬಂದರೆ ಅವಳು ಹಿತ್ತಲಿಗೆ, ಅವನು ಬೀದಿಗೆ.

ಒಂದು ದಿನ ಮಗಳೊಬ್ಬಳೇ ಸಿಕ್ಕಾಗ ಕೇಳಿದೆ. "ಅವ್ವಾ, ನಮ್ಮದು ಕ್ಲೌಡ್‌ನ್ಯಾಗ ಹುಟ್ಟಿದ್ದು. ಅವರದು ಹಳೇ ಸಾಫ್ಟ್‌ವೇರ್. ಬಾಡಿಗಿ ಕಂಪ್ಯೂಟರ್‌ನ್ಯಾಗ ಇಟ್ಟು ಕ್ಲೌಡ್ ಅಂತ ಹೆಸರು ಹಚ್ಯಾರ," ಅಂದಳು. ನಿಜ ಅನಿಸಿತು. ಸಂಜೆ ಅಳಿಯನನ್ನು ಕೇಳಿದೆ. "ಅತ್ತೀ, ಹುಟ್ಟಿದ್ದು ಎಲ್ಲಿ ಅಂತ ನೋಡಿದ್ರ ಹ್ಯಾಂಗ್ರಿ? ನಮ್ಮದು ಭಾಳ ಕಾರ್ಖಾನಿ ಕಂಡು, ಬುದ್ಧಿ ಬಲತ ಮ್ಯಾಲೆ ಕ್ಲೌಡಿಗೆ ಹೋಗೇತಿ. ಅವರದು ಇನ್ನೂ ಕೂಸು ಐತಿ," ಅಂದ. ಅದೂ ನಿಜ ಅನಿಸಿತು. ಕೊನೆಗೆ ಮಾತಾಡಿದವರದೇ ಸರಿ ಅನ್ನಿಸುವ ಸ್ವಭಾವ ನನ್ನದು.

ಹುಟ್ಟಿದ ಊರಿನ ಮಾತು ಬಂದರೆ ನನಗೆ ತುಸು ಅಳುಕು ಬೇರೆ. ನಾನು ರಾಯಚೂರಿನಿಂದ ಮದುವೆಯಾಗಿ ಈ ಊರಿಗೆ ಬಂದವಳು. ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ, ದೇವರ ಹತ್ತಿರ ಕನ್ನಡ. ನಾನು ಅಸಲಿ ಹೈದರಾಬಾದಿನವಳೋ, ಇಲ್ಲಿ ತಂದಿಟ್ಟ ರಾಯಚೂರಿನವಳೋ? ಮಗಳ ವಾದ ಒಪ್ಪಿದರೆ ನಾನೇ ನಕಲಿಯಾಗುತ್ತೇನೆ. ಅಳಿಯನದು ಒಪ್ಪಿದರೆ ಹೆತ್ತ ಹೊಟ್ಟೆ ಸುಮ್ಮನಿರುತ್ತದೆಯೇ?

ಕಾರ್ಖಾನೆಯವರು ಕೊನೆಗೆ ಅಳಿಯನ ಕಂಪನಿಯನ್ನು ಒಪ್ಪಿಕೊಂಡರು. ಅವತ್ತು ಊಟಕ್ಕೆ ಕೂತಾಗ ಮಗಳು ರೊಟ್ಟಿ ಮುರಿಯುತ್ತಾಳೆ, ಬಾಯಿಗೆ ಇಡುವುದಿಲ್ಲ. ಗೆದ್ದವನು ಖುಷಿಪಡಲೂ ಹೆದರಿ ತಲೆ ತಗ್ಗಿಸಿ ಕೂತಿದ್ದಾನೆ. ಇವನನ್ನು ಹೊಗಳಲೋ, ಅವಳನ್ನು ಸಮಾಧಾನ ಮಾಡಲೋ ತಿಳಿಯದೆ ಇಬ್ಬರಿಗೂ ಇನ್ನಷ್ಟು ಎಣ್ಣೆಗಾಯಿ ಬಡಿಸಿದೆ.

"ಖರೆ ಹೇಳ್ರಿ, ನಿಮ್ಮದು ಯಾಕ ತಗೊಂಡ್ರು?" ಕೊನೆಗೆ ಶ್ರುತಿಯೇ ಕೇಳಿದಳು.

ಮಹೇಶ ನಿಧಾನಕ್ಕೆ ಹೇಳಿದ: "ಮಾಲಕರು ಕ್ಲೌಡ್ ಬಗ್ಗೆ ಏನೂ ಕೇಳಲಿಲ್ಲ. ಕೆಟ್ಟು ನಿಂತ್ರ ಯಾರು ಬರ್ತೀರಿ ಅಂದ್ರು. ನಾನೇ ಬರ್ತೀನಿ ಅಂದೆ."

"ನನಗೂ ಕೇಳಿದ್ರು. ಫೋನ್ ನಂಬರ್ ಐತಿ, ಅದಕ್ಕ ಹಚ್ಚರಿ ಅಂದೆ." ಎಂದಳು ಶ್ರುತಿ. ಆಮೇಲೆ ನನ್ನ ಕಡೆ ತಿರುಗಿ, "ನೋಡವ್ವಾ, ಮ್ಯಾಲಿನ ನಳ ಸೋರಾಕತ್ತೈತಿ ಅಂತ ಎಷ್ಟು ಸಲ ಹೇಳೀನಿ. ಅದಕ್ಕ ಕರದ್ರ ಬರಂಗಿಲ್ಲ, ಜೀಡಿಮೆಟ್ಲಾಕ್ಕ ಹೋಗ್ತಾರಂತ," ಅಂದಳು.

ಅಳಿಯ ಕೈತೊಳೆದು, ನಳ ಬಿಗಿಮಾಡುವ ಪಾನಾ ಹುಡುಕಿಕೊಂಡು ಮೇಲೆ ಹೋದ. ಮಗಳು ಟಾರ್ಚ್ ಹಿಡಿದು ಹಿಂದೆಯೇ ಹೋದಳು. ಸ್ವಲ್ಪ ಹೊತ್ತಿಗೆ ಮೇಲಿಂದ ಗದ್ದಲ. ಎಡಕ್ಕೆ ತಿರುಗಿಸಬೇಕೆಂದು ಅವಳು, ಬಲಕ್ಕೆಂದು ಅವನು. ಯಾರದು ಸರಿಯೋ ನನಗೆ ಅದೂ ಗೊತ್ತಾಗಲಿಲ್ಲ. ಆದರೆ ಜಗಳ ಬಾಯಿಗೆ ಬಂತೆಂದರೆ ಮನಸ್ಸಿನಿಂದ ಇಳಿಯಿತೆಂದೇ ಅರ್ಥ. ನಾನು ನಿಶ್ಚಿಂತೆಯಿಂದ ಇನ್ನೊಂದು ರೊಟ್ಟಿ ಹಾಕಿಕೊಂಡೆ.