ಕಲ್ಬತ್ತಿಗೆ ಬಳಿದ ಮೂರು ಪಟ್ಟೆ

ಮೇಟಗಳ್ಳಿಯ ಪಿಂಗಾಣಿ ಕಾರ್ಖಾನೆಯ ಹಿಂಬದಿಯಲ್ಲಿ ಹೆಂಚಿನ ಸೂರಿನ ಒಂದು ಕೋಣೆಯಿದೆ. ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ, ಅಷ್ಟರಲ್ಲೇ ಶಿವನಂಜಮ್ಮ ಹಿನಕಲ್ಲಿನಿಂದ ನಡೆದು ಬಂದು ಮಣೆಯ ಮೇಲೆ ಕೂತಾಗಿರುತ್ತದೆ. ಗಾಜಿನ ಬಳೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ಬಳೆಯ ಚೂರು ಪುಡಿಗೆ ಬಿದ್ದರೆ ಹದಿನೈದು ದಿನದ ಕೆಲಸ ಮಣ್ಣುಪಾಲು. ಮುಂದೆ ಅಂಗೈಯಗಲದ ಕಲ್ಬತ್ತು, ಅದರೊಳಗೆ ಎರಡು ಪುಡಿ: ಅರಿಶಿನದ ಬಣ್ಣದ್ದು ಬಿಸ್ಮತ್ ಎಂಬ ಲೋಹದ ಭಸ್ಮ, ಕಾವಿಯ ಬಣ್ಣದ್ದು ಕಬ್ಬಿಣದ ಭಸ್ಮ. ಎರಡೂ ಸೇರಿ ಹತ್ತೇ ಗ್ರಾಂ. ಅರೆಯುವುದು ಮಾತ್ರ ಐದು ಗಂಟೆ.

"ಬೆರಳಲ್ಲಿ ತಿಕ್ಕುದ್ರೆ ಏನೂ ಸಿಕ್ಕಲೇಬಾರದು, ಗಾಳಿ ಮುಟ್ಟಿದಂಗೆ ಇರಬೇಕು. ಅಲ್ಲೀಗಂಟ ಅರೀತಾನೇ ಇರೋದು ಕಣಮ್ಮ" ಎನ್ನುತ್ತಾರೆ.

ಈ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಎಂಟುನೂರು ಡಿಗ್ರಿ ಕಾವಿನ ಕುಲುಮೆಯಲ್ಲಿ ಸುಡುತ್ತಾರೆ. ವಿದ್ಯುತ್ತಿನ ಗುಣವೂ ಅಯಸ್ಕಾಂತದ ಗುಣವೂ ಒಂದೇ ಬಿಲ್ಲೆಯಲ್ಲಿ ಕೂಡಿ ಬಾಳುತ್ತವೆಯೇ ಎಂಬುದು ಇಲ್ಲಿನ ಸಂಶೋಧಕ ಕೃಷ್ಣಸ್ವಾಮಿಯವರ ಹುಡುಕಾಟ.

ಶಿವನಂಜಮ್ಮನಿಗೆ ಈಗ ನಲವತ್ತಾರು. ಹದಿನಾಲ್ಕು ವರ್ಷದ ಹಿಂದೆ ಬೆಣಚುಕಲ್ಲು ಕುಟ್ಟಲು ಸೇರಿದವರು. ದೂಳಿಗೆ ಕೆಮ್ಮು ಹತ್ತಿಕೊಂಡಿತೆಂದು ಈ ಕೋಣೆಗೆ ಹಾಕಿದರು. ಬಲತೋಳು ಎಡದಕ್ಕಿಂತ ದಪ್ಪವಾಗಿ, ರವಿಕೆಯ ಎರಡು ತೋಳಿಗೂ ದರ್ಜಿ ಬೇರೆ ಬೇರೆ ಅಳತೆ ಹಿಡಿಯುತ್ತಾನೆ. ಗಂಡ ಗುರುಮಲ್ಲಪ್ಪ ಸೊಂಟ ಬಿದ್ದು ಆರು ವರ್ಷದಿಂದ ಹಾಸಿಗೆಯಲ್ಲಿ. ಮನೆ ನಿಂತಿರುವುದು ಈ ತೋಳಿನ ಮೇಲೆ. ಕೆಲಸವೋ ಖಾಯಂ ಅಲ್ಲ. ನಾಳೆಯಿಂದ ಬೇಡ ಎಂದರೆ ಮುಗಿಯಿತು.

ಹೋದ ವರ್ಷ, ಸಾವಿರದ ಒಂಬೈನೂರ ಅರವತ್ತಮೂರರ ದಸರೆಯಲ್ಲಿ, ಆ ಮಾತು ಬಾಗಿಲ ತನಕ ಬಂದಿತ್ತು.

ಆಯುಧಪೂಜೆಯ ದಿನ ಕೋಣೆಯ ತಕ್ಕಡಿ, ಕುಲುಮೆ, ಇಕ್ಕಳ ಎಲ್ಲಕ್ಕೂ ಹೂವಿಟ್ಟರು. ತಮ್ಮ ಕಲ್ಬತ್ತಿಗೆ ಶಿವನಂಜಮ್ಮ ತಾವೇ ವಿಭೂತಿ ಕಲಸಿ ಮೂರು ಪಟ್ಟೆ ಬಳಿದರು. ಹೊರಗಲ್ಲ, ಒಳಗೆ. ದುಡಿಯುವುದು ಒಳಗು ತಾನೇ ಎಂಬುದು ಅವರ ಲೆಕ್ಕ. ಮಾರನೆಯ ದಿನ ವಿಜಯದಶಮಿ. ಊರೆಲ್ಲ ಜಂಬೂಸವಾರಿಗೆ ಹೊರಟಿತ್ತು. ಕುಲುಮೆಯ ಸರದಿ ತಪ್ಪಬಾರದೆಂದು ಇವರು ಬೆಳಿಗ್ಗೆಯೇ ಬಂದು ಕೂತರು. ಪ್ರತಿ ಸಲ ಅರೆಯುವ ಮೊದಲು ಕಲ್ಬತ್ತನ್ನು ಆಸಿಡ್ ಹಾಕಿ ತೊಳೆಯಬೇಕೆಂಬುದು ಕಟ್ಟಪ್ಪಣೆ. ಅಂದು ಕೈ ಬರಲಿಲ್ಲ. ಪೂಜೆಯ ವಿಭೂತಿಯನ್ನು ತೊಳೆದು ಚರಂಡಿಗೆ ಬಿಡುವುದು ಹೇಗೆ? ಅದರ ಮೇಲೆಯೇ ಪುಡಿ ಸುರಿದು ಅರೆದರು.

ಎರಡು ವಾರ ಕಳೆಯಿತು. ಸುಟ್ಟ ಬಿಲ್ಲೆಯ ಎಕ್ಸ್‌ರೇ ಫಿಲ್ಮನ್ನು ಕೃಷ್ಣಸ್ವಾಮಿ ಕಿಟಕಿಗೆ ಹಿಡಿದು ನೋಡಿದರು. ಹಿಂದಿನ ಎಪ್ಪತ್ತೊಂದು ಬಿಲ್ಲೆಗಳಲ್ಲೂ ಜೋಡಿಯಾಗಿ ಬೀಳುತ್ತಿದ್ದ ಎರಡು ಗೆರೆ ಇದರಲ್ಲಿ ಒಂದಾಗಿದ್ದವು. ಅಂದರೆ ಒಳಗಿನ ಕಣಗಳ ಕಟ್ಟಡವೇ ಬದಲಾಗಿತ್ತು. ಅಯಸ್ಕಾಂತದ ಪಕ್ಕ ತೂಗುಬಿಟ್ಟರೆ, ಎಂದೂ ಮಿಸುಕದ ಬಿಲ್ಲೆ ಕೂದಲೆಳೆಯಷ್ಟು ಅತ್ತ ಸರಿಯಿತು. ಅವರು ಮತ್ತೊಮ್ಮೆ ತೂಗುಬಿಟ್ಟರು. ಮತ್ತೆ ಸರಿಯಿತು.

ಅದೇ ಸೀಸೆಗಳ ಪುಡಿಯಿಂದ ಇನ್ನೆರಡು ಬಿಲ್ಲೆ ಮಾಡಿದರು. ಎರಡೂ ಹಳೆಯ ಜಾಡಿನವೇ, ಗೆರೆ ಮತ್ತೆ ಎರಡು. ಹಾಗಾದರೆ ಆ ಸಲ ಕುಲುಮೆಯ ಕಾವು ತಪ್ಪಿರಬೇಕು ಎಂದು ಕೋಣೆಯ ಮುಖ್ಯಸ್ಥ ನಂಜುಂಡಯ್ಯನವರು ತೀರ್ಮಾನಿಸಿದರು. ಕುಲುಮೆ ನೋಡುವ ಕೆಸರೆಯ ಚೆಲುವಯ್ಯ ಕಾವು ತಪ್ಪಿಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸೋಮವಾರದಿಂದ ಬರಬೇಡವೆಂದು ಅವನಿಗೆ ಹೇಳಿದರು.

ಶಿವನಂಜಮ್ಮನಿಗೆ ತಾವು ತೊಳೆಯದೆ ಬಿಟ್ಟದ್ದು ನೆನಪಾಯಿತು. ಮೂರು ಬೆರಳ ವಿಭೂತಿ ಕಲ್ಲಿನಂಥ ಬಿಲ್ಲೆಯ ಗುಣ ಕೆಡಿಸೀತೆಂದು ನಂಬಲಾಗಲಿಲ್ಲ. ಬೇರೆ ಏನೂ ಆಗಿಲ್ಲವೆಂದೂ ಗೊತ್ತಿತ್ತು. ಹಾಸಿಗೆಯಲ್ಲಿದ್ದ ಗಂಡ ನೆನಪಾದರು. ಚೆಲುವಯ್ಯ ಬುತ್ತಿಯ ಗಂಟು ಕಟ್ಟುತ್ತಿರುವುದೂ ಕಣ್ಣಿಗೆ ಬಿತ್ತು.

"ತಪ್ಪು ಅವನದಲ್ಲ ಬುದ್ಧಿ, ನಂದು" ಎಂದರು. "ಪೂಜೆ ಇಬೂತಿ ತೊಳೀದೆ ಅರೆದ್ಬುಟ್ಟೆ."

ಕೃಷ್ಣಸ್ವಾಮಿಗೆ ಥಟ್ಟನೆ ಹೊಳೆಯಿತು: ವಿಭೂತಿಯಲ್ಲಿ ಇರುವುದು ಬಹುಪಾಲು ಸುಣ್ಣದ ಅಂಶ, ಕ್ಯಾಲ್ಸಿಯಂ. ಬಿಸ್ಮತ್ ಕೂರುವ ಜಾಗದಲ್ಲಿ ಅದು ಹೋಗಿ ಕೂತಿದೆ. ಎಷ್ಟು ಬಳಿದಿರಿ ಎಂದು ಕೃಷ್ಣಸ್ವಾಮಿ ಕೇಳಿದರು. ಗಾಜಿನ ತಟ್ಟೆ ಕೊಟ್ಟು ಅಷ್ಟೇ ಬಳಿಯಿರಿ ಎಂದರು. ಬಳಿದರು. ಒಣಗಿಸಿ ತೂಗಿದರೆ ಗ್ರಾಮಿನ ಹತ್ತರಲ್ಲಿ ಮೂರು ಪಾಲು. ಇನ್ನೊಮ್ಮೆ ಬಳಿಸಿದರು, ಮತ್ತೊಮ್ಮೆ ಬಳಿಸಿದರು. ತಕ್ಕಡಿಯ ಮುಳ್ಳು ಮೂರು ಸಲವೂ ಹೆಚ್ಚುಕಡಿಮೆ ಅಲ್ಲೇ ನಿಂತಿತು. ವಿಭೂತಿಗಿಂತ ಆ ಕೈ ಕಂಡು ಬೆಚ್ಚಿಬಿದ್ದೆ ಎಂದು ಕೃಷ್ಣಸ್ವಾಮಿ ಈಗಲೂ ಹೇಳುತ್ತಾರೆ.

ಅಂಗಡಿಯ ಶುದ್ಧ ಕ್ಯಾಲ್ಸಿಯಂ ಪುಡಿಯನ್ನು ಅಷ್ಟೇ ತೂಕಕ್ಕೆ ಹಾಕಿ ಮಾಡಿದ ಬಿಲ್ಲೆಯಲ್ಲೂ ಎರಡು ಗೆರೆ ಒಂದಾದವು. ಚೆಲುವಯ್ಯ ಕುಲುಮೆಗೆ ಮರಳಿದ. ಶಿವನಂಜಮ್ಮನಿಗೆ ನಂಜುಂಡಯ್ಯನವರು, ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ ಎಂದರಷ್ಟೇ. ಆದರೆ ವಿದ್ಯುತ್ತನ್ನು ಹಿಡಿದಿಡಬೇಕಾದ ಬಿಲ್ಲೆಯಿಂದ ಅದು ಸೋರುವುದು ಇನ್ನೂ ನಿಂತಿಲ್ಲ. ಅದಕ್ಕಾಗಿ ಈಗ ಬೇರೆ ಬೇರೆ ಭಸ್ಮಗಳನ್ನು ಚಿಟಿಕೆ ಚಿಟಿಕೆ ಬೆರೆಸಿ ನೋಡುತ್ತಿದ್ದಾರೆ. ಬಿಲ್ಲೆಗಳ ಎಣಿಕೆ ನೂರಾ ನಲವತ್ತು ದಾಟಿದೆ. ಅಷ್ಟನ್ನೂ ಅರೆದದ್ದು ಇದೇ ತೋಳು.

"ಗೋಡೇಲಿ ಅಲ್ಲೊಂದು ಇಲ್ಲೊಂದು ಇಟ್ಟಿಗೆ ಬದಲಾಯಿಸಿದ್ರೆ ಸೊಟ್ಟಗಿದ್ದ ಗೋಡೇನೇ ನೆಟ್ಟಗಾಯ್ತದಂತೆ" ಎಂದು ಶಿವನಂಜಮ್ಮ ಮೆಲ್ಲಗೆ ಹೇಳುತ್ತಾರೆ. "ಕೇಳಿದ ದಿನ ಉಣ್ಣಕ್ಕಾಗಲಿಲ್ಲ ನಂಗೆ. ಇಷ್ಟು ವರ್ಸ ಎಷ್ಟು ಸಲ ಏನೇನು ಬೆರೆತೋಗಿತ್ತೋ, ಯಾರು ಕಂಡೋರು?"

ಮತ್ತೆ ದಸರೆ ಬರುತ್ತಿದೆ. ಈ ಸಲ ಕಾರ್ಖಾನೆಯವರು ಪೂಜೆಗೆಂದೇ ಬೇರೊಂದು ಕಲ್ಬತ್ತು ತರಿಸಿದ್ದಾರೆ. ಹೊಳೆಯುತ್ತದೆ, ಒಂದು ಕಾಳನ್ನೂ ಅರೆದದ್ದಲ್ಲ. ಶಿವನಂಜಮ್ಮ ಅದರ ಕಡೆ ನೋಡುವುದೂ ಇಲ್ಲ. ತಮ್ಮದರ ಅಂಚನ್ನು ಸೆರಗಿನಿಂದ ಒರೆಸುತ್ತಾ ಹೇಳುತ್ತಾರೆ:

"ದುಡಿಯೋದು ಇದು, ಪೂಜೆ ಅದಕ್ಕೆ ಅಂದ್ರೆ ಎಂಗೆ? ಇದಕ್ಕೂ ಒಂದು ಪಟ್ಟೆ ಬಳಿಯಕ್ಕೆ ಬುಟ್ರೆ ಸಾಕು. ಹೊರಗಡೆಗೇ ಬಳೀತೀನಿ. ಆಮೇಲೆ ನಾನೇ ತೊಳೀತೀನಿ."