ನೆಗೆಣ್ಣಿಯ ಕೆಂಪು ಬಾಳೆ

ಫೋನ್ ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಕೈತುಂಬ ಜೋಳದ ಹಿಟ್ಟು. ಯಜಮಾನರು ಫೋನ್ ಎತ್ತಿ, ಕೇಳಿ, ಅಡಿಗೆಮನೆಯ ಬಾಗಿಲಿಗೆ ಬಂದರು. "ವೈನಿ ಹೋದ್ರಂತ. ನಸುಕಿನ್ಯಾಗ, ಮಲಗಿದಲ್ಲೇ."

ವೈನಿ ಎಂದರೆ ಕಮಲಾಪುರದ ನಮ್ಮ ಭಾವನವರ ಹೆಂಡತಿ, ನನಗೆ ನೆಗೆಣ್ಣಿ. ಅಳು ಬರಲಿಲ್ಲ. ಹಿಟ್ಟಿನ ಮೇಲಿದ್ದ ಅಂಗೈಗೆ ಮಾತ್ರ ಅವಳ ಎಡಗೈ ನೆನಪಾಯಿತು. ಡಯಾಲಿಸಿಸ್‌ಗೆಂದು ಡಾಕ್ಟರು ಆ ಕೈಯ ನರ ಜೋಡಿಸಿದ್ದರು. ಮುಟ್ಟಿದರೆ ಒಳಗೆ ಝುಂ ಎನ್ನುತ್ತಿತ್ತು. ಬಂದವರಿಗೆಲ್ಲ ಅದನ್ನು ಮುಟ್ಟಿಸುವುದು ಅವಳಿಗೊಂದು ಹುಚ್ಚು. "ಅಂಜಬ್ಯಾಡ, ಕೈ ಇಟ್ಟು ನೋಡು. ನನ್ನೊಳಗ ಹಿಟ್ಟಿನ ಗಿರಣಿ ನಡದದ" ಎನ್ನುತ್ತಿದ್ದಳು.

ಡಯಾಲಿಸಿಸ್‌ಗೆ ಕಮಲಾಪುರದಿಂದ ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಿದ್ದಳು. ಅಲ್ಲಿನ ಬ್ರಹ್ಮಪುರ ಓಣಿಯ ನಮ್ಮ ಮನೆಗೆ ಬರಿಗೈಯಲ್ಲಿ ಬಂದವಳಲ್ಲ. ನಮ್ಮ ಹುಡುಗರಿಗೆಂದು ಅವರೂರಿನ ಕೆಂಪು ಬಾಳೆಯ ಒಂದು ಚಿಪ್ಪು ಚೀಲದಲ್ಲಿ ಇದ್ದೇ ಇರುತ್ತಿತ್ತು. ಅವಳು ಮಾತ್ರ ಅದನ್ನು ತಿನ್ನುವಂತಿರಲಿಲ್ಲ. ಕಿಡ್ನಿ ಕೆಟ್ಟವರಿಗೆ ಬಾಳೆಹಣ್ಣು ವಿಷವಂತೆ. ಗುಡಿಯಲ್ಲಿ ಅಯ್ಯನವರು ಪ್ರಸಾದವೆಂದು ಬಾಳೆಹಣ್ಣು ಕೊಟ್ಟರೆ ಕಣ್ಣಿಗೊತ್ತಿಕೊಂಡು ನನ್ನ ಸೆರಗಿಗೆ ಹಾಕುತ್ತಿದ್ದಳು.

"ಸಂಕಟ ಆಗಂಗಿಲ್ಲೇನಕ್ಕಾ?" ಎಂದು ಒಮ್ಮೆ ಕೇಳಿದೆ.

"ತಿನ್ನಬ್ಯಾಡ ಅಂದಾರ ತಂಗಿ. ಹೊಲಿಬ್ಯಾಡ ಅಂದಿಲ್ಲಲ್ಲ" ಎಂದಳು.

ಆಗಲೇ ಅವಳ ಮನಸ್ಸಿನಲ್ಲಿದ್ದುದು ತಿಳಿದದ್ದು. ಜಾಳಿಗೆಯಂಥ ಗಟ್ಟಿ ಬಟ್ಟೆಯ ಮೇಲೆ ಉಣ್ಣೆಯ ದಾರದಿಂದ, ಕಣ್ಣುಕಣ್ಣೂ ಎಣಿಸಿ, ಕಮಲಾಪುರದ ಒಂದು ಚಿಪ್ಪು ಬಾಳೆ ತುಂಬಬೇಕು. ಅದನ್ನು ದೇವರ ಮುಂದೆ ಇಡಬೇಕು. "ಆ ಪ್ರಸಾದ ನನಗ ಯಾವ ಡಾಕ್ಟರೂ ಬ್ಯಾಡ ಅನ್ನಂಗಿಲ್ಲ. ಮತ್ತ ನನಗ ಸೂಜಿ ಚುಚ್ಚೋರು ಭಾಳ ಮಂದಿ ಆದ್ರು. ನಾನೂ ಒಂದಕ್ಕ ಚುಚ್ಚಬೇಕಲ್ಲ!"

ಬಣ್ಣವೇ ಸಿಗಲಿಲ್ಲ. ಆ ಹಣ್ಣಿನ ಕೆಂಪು ಕುಂಕುಮದ್ದಲ್ಲ, ಇಟ್ಟಿಗೆಯದ್ದೂ ಅಲ್ಲ. ಬಜಾರಿನ ಉಣ್ಣೆಯ ಅಂಗಡಿಗಳೆಲ್ಲ ಮುಗಿದವು. ಆಮೇಲೆ ಊರಿನಲ್ಲಿ ಎಲ್ಲಿ ಸೀರೆ, ಕೌದಿ, ಲಂಬಾಣಿ ಕಸೂತಿಯ ಪ್ರದರ್ಶನವಿದ್ದರೂ ಆಸ್ಪತ್ರೆಯಿಂದ ನೇರ ಅಲ್ಲಿಗೇ. ಕೈಗೆ ಪಟ್ಟಿ ಸುತ್ತಿರುತ್ತಿತ್ತು, ಮುಖ ಬಿಳಿಚಿರುತ್ತಿತ್ತು. ಒಂದು ಮಳಿಗೆಯಲ್ಲಿ ಚೀಲದಿಂದ ಹಣ್ಣು ತೆಗೆದು ರೇಷ್ಮೆ ಸೀರೆಯ ಸೆರಗಿಗೆ ಹಿಡಿದೇಬಿಟ್ಟಳು. ಅಂಗಡಿಯಾತ ಓಡಿ ಬಂದ.

"ಅಜೀ ಅಮ್ಮಾ, ಇಲ್ಲಿ ಖಾನಾ-ಪೀನಾ ನೈ ರೀ! ಸೀರಿಗಿ ಹಣ್ಣಿನ ಕಲಿ ಬೀಳ್ತದ!"

"ನಾ ತಿನ್ನಂಗಿಲ್ಲಪಾ. ಹಣ್ಣಿಗಿ ಸೀರಿ ತೋರ್ಸಾಕ ಕರ್ಕೊಂಡ ಬಂದೀನಿ."

ಆತ ನಕ್ಕು, ಅವಳ ಕೈಪಟ್ಟಿ ನೋಡಿ, ಕುರ್ಚಿ ತಂದು ಹಾಕಿದ. ಕೆಂಪು ಸೀರೆಗಳನ್ನೆಲ್ಲ ತಾನೇ ಬಿಚ್ಚಿ ತೋರಿಸಿದ. ಯಾವುದೂ ಹೊಂದಲಿಲ್ಲ. ಆದರೂ ಅವಳಿಗೆ ಕೂಡಲು ಕುರ್ಚಿ ಸಿಕ್ಕಿತಲ್ಲ, ದೇವರು ದೊಡ್ಡವನು ಅಂದುಕೊಂಡೆ.

ಕೊನೆಗೆ ಬಣ್ಣ ಸಿಕ್ಕಿದ್ದು ಅವಳ ಊರಿನಲ್ಲೇ. ಕಮಲಾಪುರದ ಮಹಿಳಾ ಸಂಘದವರು ಹರಿದ ಸೀರೆಗಳನ್ನು ಪದರ ಪದರವಾಗಿ ಹೊಲಿದ ಹಳೆಯ ಕೌದಿಗಳನ್ನು ಹಗ್ಗಕ್ಕೆ ಹಾಕಿ ತೋರಿಸಿದ್ದರು. ನಾನೂ ಹೋಗಿದ್ದೆ. ಒಂದು ಹರಕು ಕೌದಿಯ ಮುಂದೆ ನಿಂತವಳು ಕದಲಲಿಲ್ಲ.

"ತಂಗಿ, ಹಣ್ಣು ಹಿಡಿ ಇಲ್ಲಿ."

ಹಿಡಿದೆ. ಅದೇ ಬಣ್ಣ.

"ಇದು ಒಂದ ಬಟ್ಟಿ ಅಲ್ಲ ನೋಡು. ಮ್ಯಾಲಿನ ಕೆಂಪು ಸವದದ, ಒಳಗಿನ ಬದನಿಕಾಯಿ ಬಣ್ಣ ಇಣುಕಾಕತ್ತದ. ನಾವು ಒಂದ ದಾರದಾಗ ಹುಡುಕಾಕತ್ತಿದ್ವಿ!"

ಅಲ್ಲಿಂದ ಒಂದೇ ಸೂಜಿಗೆ ಎರಡು ಎಳೆ, ಒಂದು ಕೆಂಪು, ಒಂದು ಬದನೆ ಬಣ್ಣ. ಆಸ್ಪತ್ರೆಯಲ್ಲಿ ಎಡಗೈ ಡಯಾಲಿಸಿಸ್ ಯಂತ್ರಕ್ಕೆ ಕೊಟ್ಟು, ಬಲಗೈಯಲ್ಲಿ ಹೊಲಿಯುವಳು. ಬಟ್ಟೆಯ ಚೌಕಟ್ಟನ್ನು ನಾನು ಹಿಡಿದುಕೊಂಡು ಕೂಡುತ್ತಿದ್ದೆ. ಸುತ್ತ ಮಲಗಿದ್ದವರಿಗೂ ಬಾಳೆಹಣ್ಣು ವರ್ಜ್ಯವೇ. ಪಕ್ಕದ ಮಂಚದ ಮುದುಕರು ಹೋದಾಗಲೆಲ್ಲ ಕಾಡುತ್ತಿದ್ದರು: "ಏನವಾ, ಮಾಗೇದೇನು?"

"ಇನ್ನಾ ಕಾಯಿ ಅದರೀ. ಅವಸರ ಮಾಡಿದ್ರ ಒಗರು."

ಹೋದ ವಾರ ಮೊದಲ ಹಣ್ಣು ತುಂಬಿತು. ಚೌಕಟ್ಟನ್ನು ಎತ್ತಿ ಎಲ್ಲರಿಗೂ ತೋರಿಸಲು ಹೇಳಿದಳು. ಮುದುಕರು ಕೈ ಚಾಚಿ, ಕಿತ್ತಂತೆ ಮಾಡಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಮೆದ್ದರು. "ಸಕ್ಕರಿ ಅದ!" ಎಂದರು. ವಾರ್ಡಿನಲ್ಲಿ ಎಲ್ಲರೂ ನಕ್ಕರು. ನೆಗೆಣ್ಣಿ ನಗಲಿಲ್ಲ. "ಇನ್ನೂ ಭಾಳ ಅದಾವ ತಂಗಿ" ಎಂದಷ್ಟೇ ಹೇಳಿದಳು. ಬಸ್ಸಿನ ಧೂಳು ಬೇಡವೆಂದು ಅದನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದಳು.

ದೇವರು ಮಾಡಿದ ಒಳ್ಳೆಯದನ್ನು ನೆನೆದುಕೊಳ್ಳುವುದು ನನ್ನ ರೂಢಿ. ಅಡಿಗೆಮನೆಯಲ್ಲಿ ಕೂತಲ್ಲೇ ನೆನೆದುಕೊಂಡೆ. ಇಂದು ಸೂಜಿಯ ದಿನವಾಗಿರಲಿಲ್ಲ. ತನ್ನ ಹಾಸಿಗೆಯಲ್ಲೇ ಹೋದಳು, ಭಾವ ಪಕ್ಕದಲ್ಲಿದ್ದರು. ಬಣ್ಣ ಸಿಕ್ಕಿತ್ತು. ಒಂದು ಹಣ್ಣಾದರೂ ಮಾಗಿತ್ತು. ಎಲ್ಲ ಸರಿಯಾಗಿಯೇ ಇತ್ತು. ಎದೆಯಲ್ಲಿ ಮಾತ್ರ ಏನೂ ಆಗಲಿಲ್ಲ.

ಕೈ ತೊಳೆದು, ಕಪಾಟಿನಿಂದ ಆ ಬಟ್ಟೆ ತೆಗೆದು ದೇವರ ಮುಂದೆ ಇಟ್ಟೆ. ಎರಡನೆಯ ಹಣ್ಣಿನ ತೊಟ್ಟಿನಲ್ಲಿ ಸೂಜಿ ಹಾಗೇ ಸಿಕ್ಕಿಕೊಂಡಿತ್ತು, ಎರಡೂ ಎಳೆಗಳ ಸಮೇತ. ತೆಗೆಯಲಿಲ್ಲ.

ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಯಾಗಿತ್ತು. ಯಜಮಾನರು ಗಾಡಿ ಕರೆಯಲು ಹೋಗಿದ್ದರು. ಕಮಲಾಪುರದ ಆ ಮನೆಯಲ್ಲಿ ಇಂದು ಒಲೆ ಹೊತ್ತುವುದಿಲ್ಲ, ಮಣ್ಣು ಮಾಡಲು ಬಂದವರಿಗೆ ಸಂಜೆಗೆ ಬುತ್ತಿ ಬೇಕು. ಡಬ್ಬಿಯಿಂದ ಇನ್ನಷ್ಟು ಹಿಟ್ಟು ಸುರಿದು, ಬಿಸಿನೀರು ಹಾಕಿ, ನಾದತೊಡಗಿದೆ.